ಹಿರಿಯರ ಕಾಯಿಲೆಗೊಂದು ಲೆಕ್ಕದ ಪುಸ್ತಕ

ನಮ್ಮ ಮನೆಗಳಲ್ಲಿ ಎಲ್ಲದಕ್ಕೂ ಲೆಕ್ಕ ಇರುತ್ತದೆ. ಹಾಲಿನ ಲೆಕ್ಕ ಕ್ಯಾಲೆಂಡರಿನಲ್ಲಿ, ಅಂಗಡಿಯ ಸಾಲ ಸಣ್ಣ ಪುಸ್ತಕದಲ್ಲಿ, ಮಕ್ಕಳ ಫೀಸಿನ ರಸೀದಿ ಕಪಾಟಿನ ಫೈಲಿನಲ್ಲಿ. ಆದರೆ ಉಮ್ಮನ ಬಿಪಿ ಕಳೆದ ವರ್ಷ ಎಷ್ಟಿತ್ತು, ಅಬ್ಬನ ಶುಗರ್ ಮಾತ್ರೆ ಯಾವಾಗ ಬದಲಾಯಿತು, ಕಿಡ್ನಿ ಪರೀಕ್ಷೆ ಕೊನೆಯದಾಗಿ ಮಾಡಿಸಿದ್ದು ಯಾವಾಗ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. "ಹೋದ ಸಲ ಡಾಕ್ಟರ್ ನಾರ್ಮಲ್ ಎಂದಿದ್ದರು" ಎಂಬಷ್ಟೇ ನೆನಪು. ಲ್ಯಾಬ್ ರಿಪೋರ್ಟುಗಳು ಒಂದು ಪ್ಲಾಸ್ಟಿಕ್ ಚೀಲದಲ್ಲಿ, ಔಷಧಿ ಚೀಟಿಗಳು ಇನ್ನೊಂದರಲ್ಲಿ, ಕೆಲವು ಮಗನ ಮೊಬೈಲಿನಲ್ಲಿ, ಕೆಲವು ಎಲ್ಲೂ ಇಲ್ಲ.

ಜ್ವರ, ಭೇದಿಯಂತಹ ಕಾಯಿಲೆಗಳಿಗೆ ಇಷ್ಟು ನೆನಪು ಸಾಕು. ಅವು ಬರುತ್ತವೆ, ಹೋಗುತ್ತವೆ. ಆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯ ಮತ್ತು ಮೂತ್ರಪಿಂಡದ ತೊಂದರೆಗಳು ಬಂದವು ಹೋಗುವುದಿಲ್ಲ. ಅವು ಹತ್ತು, ಇಪ್ಪತ್ತು ವರ್ಷ ಮನುಷ್ಯನ ಜೊತೆಗೇ ನಡೆಯುತ್ತವೆ. ಅವುಗಳನ್ನು ಒಂದು ದಿನದ ಪರೀಕ್ಷೆಯಿಂದ ಅರ್ಥಮಾಡಿಕೊಳ್ಳಲು ಆಗುವುದಿಲ್ಲ. ನಿಮ್ಮ ಮನೆಯಲ್ಲಿ ಅರುವತ್ತು ದಾಟಿದವರು ಇದ್ದರೆ, ಅವರ ಆರೋಗ್ಯಕ್ಕಾಗಿ ನೀವು ಮಾಡಬಹುದಾದ ಅತ್ಯಂತ ಅಗ್ಗದ ಮತ್ತು ಅತ್ಯಂತ ಉಪಯುಕ್ತವಾದ ಕೆಲಸವೆಂದರೆ ಅವರ ಹೆಸರಿನಲ್ಲಿ ಒಂದು ನೋಟ್‌ಬುಕ್ ತೆರೆಯುವುದು.

ಒಂದು ದಿನದ ಅಂಕೆ, ನಾಲ್ಕು ವರ್ಷದ ದಾರಿ

ಒಂದು ಉದಾಹರಣೆ ನೋಡಿ. ಒಬ್ಬ ಮಹಿಳೆಗೆ 68ನೇ ವಯಸ್ಸಿನಲ್ಲಿ ಕ್ರಿಯಾಟಿನಿನ್ ಪರೀಕ್ಷೆ ಮಾಡಿದಾಗ 0.8 ಬಂತು ಎಂದಿಟ್ಟುಕೊಳ್ಳಿ. 70ನೇ ವಯಸ್ಸಿನಲ್ಲಿ 1.0. 72ರಲ್ಲಿ 1.2. ಅನೇಕ ಲ್ಯಾಬ್‌ಗಳು 1.2ರವರೆಗೂ ಸರಿ ಎಂದೇ ಮುದ್ರಿಸುತ್ತವೆ. ಆದ್ದರಿಂದ ಮೂರು ರಿಪೋರ್ಟುಗಳಲ್ಲೂ ದಪ್ಪಕ್ಷರದ ಎಚ್ಚರಿಕೆ ಇರುವುದಿಲ್ಲ. ಪ್ರತಿ ಸಲವೂ ಮನೆಯವರು "ಕಿಡ್ನಿ ಸರಿಯಿದೆ" ಎಂದು ಸಮಾಧಾನದಿಂದ ಹಿಂತಿರುಗುತ್ತಾರೆ.

ಈಗ ಅದೇ ಅಂಕೆಗಳನ್ನು ಮೂತ್ರಪಿಂಡದ ಕೆಲಸದ ಪ್ರಮಾಣಕ್ಕೆ ಪರಿವರ್ತಿಸಿ ನೋಡೋಣ. ಇದನ್ನು ವೈದ್ಯರು ಇಜಿಎಫ್‌ಆರ್ ಎನ್ನುತ್ತಾರೆ. ವಯಸ್ಸು ಮತ್ತು ಲಿಂಗವನ್ನು ಸೇರಿಸಿ ಲೆಕ್ಕ ಹಾಕಿದರೆ ಆ ಮಹಿಳೆಗೆ ಮೊದಲ ಸಲ ಸುಮಾರು 80, ಎರಡನೆಯ ಸಲ 60, ಮೂರನೆಯ ಸಲ 48 ಬರುತ್ತದೆ. ಈ ಅಂಕೆ ಮೂರು ತಿಂಗಳಿಗಿಂತ ಹೆಚ್ಚು ಕಾಲ 60ಕ್ಕಿಂತ ಕೆಳಗೆ ಉಳಿದರೆ ಅದನ್ನು ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಎಂದು ಪರಿಗಣಿಸಲಾಗುತ್ತದೆ. ಅಂದರೆ ನಾಲ್ಕು ವರ್ಷಗಳಲ್ಲಿ ಅವರ ಮೂತ್ರಪಿಂಡದ ಶಕ್ತಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿದಿದೆ. ಮೂರು ರಿಪೋರ್ಟುಗಳನ್ನು ಬೇರೆ ಬೇರೆಯಾಗಿ ನೋಡಿದವರಿಗೆ ಇದು ಕಾಣಲಿಲ್ಲ. ಮೂರನ್ನೂ ಒಂದೇ ಪುಟದಲ್ಲಿ ಬರೆದಿಟ್ಟವರಿಗೆ ಕಾಣುತ್ತಿತ್ತು.

ವಯಸ್ಸಾದವರ ದೇಹದಲ್ಲಿ ಸ್ನಾಯುಗಳು ಕರಗುವುದರಿಂದ ಕ್ರಿಯಾಟಿನಿನ್ ಅಷ್ಟಾಗಿ ಏರುವುದಿಲ್ಲ. ಸಣಕಲು ದೇಹದ ಹಿರಿಯರಲ್ಲಂತೂ ಅದು ಮೋಸ ಮಾಡುವುದೇ ಹೆಚ್ಚು. ಆದ್ದರಿಂದ "ನಾರ್ಮಲ್" ಎಂಬ ಪದಕ್ಕಿಂತ "ಹೋದ ಸಲಕ್ಕಿಂತ ಎಷ್ಟು ಬದಲಾಗಿದೆ" ಎಂಬ ಪ್ರಶ್ನೆ ಮುಖ್ಯ.

ವೈದ್ಯವಿಜ್ಞಾನ ಕಲಿತದ್ದೂ ಹೀಗೆಯೇ

ಬಿಪಿ ಹೆಚ್ಚಿದ್ದರೆ ಹೃದಯಕ್ಕೆ ಅಪಾಯ ಎಂಬುದು ಇಂದು ಮಕ್ಕಳಿಗೂ ಗೊತ್ತು. ಆದರೆ ಎಪ್ಪತ್ತೈದು ವರ್ಷಗಳ ಹಿಂದೆ ಅನೇಕ ವೈದ್ಯರೇ ವಯಸ್ಸಾದಂತೆ ಬಿಪಿ ಏರುವುದು ಸಹಜ, ದೇಹಕ್ಕೆ ಅದು ಬೇಕು ಎಂದು ತಿಳಿದಿದ್ದರು. ಆ ತಿಳುವಳಿಕೆ ಬದಲಾದದ್ದು ಒಂದು ಊರಿನ ಜನರನ್ನು ತಾಳ್ಮೆಯಿಂದ ಹಿಂಬಾಲಿಸಿದ್ದರಿಂದ. ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಲ್ಲಿ 5,209 ಮಂದಿಯನ್ನು ಆರಿಸಿ, ಎರಡು ವರ್ಷಗಳಿಗೊಮ್ಮೆ ಅವರ ಬಿಪಿ, ತೂಕ, ರಕ್ತದ ಕೊಬ್ಬು, ಧೂಮಪಾನ ಎಲ್ಲವನ್ನೂ ದಾಖಲಿಸುತ್ತಾ ಹೋದರು. ವರ್ಷಗಳು ಉರುಳಿದಂತೆ ಯಾರಿಗೆ ಹೃದಯಾಘಾತವಾಯಿತು, ಯಾರಿಗೆ ಪಾರ್ಶ್ವವಾಯು ಬಡಿಯಿತು, ಅವರ ಹಳೆಯ ಅಂಕೆಗಳು ಏನು ಹೇಳುತ್ತಿದ್ದವು ಎಂಬುದು ಬಯಲಾಯಿತು. ಅವರ ನಂತರ ಅವರ ಮಕ್ಕಳು, ಮೊಮ್ಮಕ್ಕಳನ್ನೂ ಆ ಅಧ್ಯಯನಕ್ಕೆ ಸೇರಿಸಿಕೊಳ್ಳಲಾಯಿತು.

ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭವಾದ ಇನ್ನೊಂದು ಅಧ್ಯಯನದಲ್ಲಿ ಆಗತಾನೇ ಸಕ್ಕರೆ ಕಾಯಿಲೆ ಪತ್ತೆಯಾದ 5,102 ಮಂದಿಯನ್ನು ಗಮನಿಸಲಾಯಿತು. 1998ರಲ್ಲಿ ಬಂದ ಅದರ ಫಲಿತಾಂಶ ಎರಡು ವಿಷಯಗಳನ್ನು ಸ್ಪಷ್ಟಪಡಿಸಿತು. ಶುಗರ್ ಅನ್ನು ಬಿಗಿಯಾಗಿ ಹಿಡಿತದಲ್ಲಿಟ್ಟವರಲ್ಲಿ ಕಣ್ಣು ಮತ್ತು ಮೂತ್ರಪಿಂಡದಂತಹ ಸಣ್ಣ ರಕ್ತನಾಳಗಳ ತೊಂದರೆ ಶೇ. 25ರಷ್ಟು ಕಡಿಮೆಯಾಯಿತು. ಜೊತೆಗೆ ಬಿಪಿಯನ್ನೂ ಬಿಗಿಯಾಗಿ ಹಿಡಿದವರಲ್ಲಿ ಪಾರ್ಶ್ವವಾಯು ಶೇ. 44ರಷ್ಟು ಕಡಿಮೆಯಾಯಿತು. ಶುಗರ್ ಇರುವವರು ಬಿಪಿಯನ್ನೂ ಯಾಕೆ ಬರೆದಿಡಬೇಕು ಎಂಬುದಕ್ಕೆ ಇಷ್ಟು ಸಾಕು.

ನಮ್ಮ ದೇಶದಲ್ಲೂ ಇಂತಹ ಕೆಲಸ ನಡೆಯುತ್ತಿದೆ. 45 ವರ್ಷ ಮೇಲ್ಪಟ್ಟ 72 ಸಾವಿರಕ್ಕೂ ಹೆಚ್ಚು ಮಂದಿಯನ್ನು ಒಳಗೊಂಡ ಹಿರಿಯರ ರಾಷ್ಟ್ರೀಯ ಅಧ್ಯಯನದ ಮೊದಲ ಸುತ್ತು 2017-18ರಲ್ಲಿ ನಡೆಯಿತು. ಅದೇ ಜನರನ್ನು ಮತ್ತೆ ಮತ್ತೆ ಭೇಟಿಯಾಗುವುದೇ ಅದರ ಉದ್ದೇಶ. ದೇಶ ಮಾಡುವ ಆ ಕೆಲಸವನ್ನೇ ನೀವು ನಿಮ್ಮ ಮನೆಯ ಒಬ್ಬಿಬ್ಬರಿಗಾಗಿ ಮಾಡಬೇಕಾಗಿದೆ.

ಪುಸ್ತಕದಲ್ಲಿ ಏನಿರಬೇಕು?

ಇನ್ನೂರು ಪುಟದ ಸಾಮಾನ್ಯ ನೋಟ್‌ಬುಕ್ ಸಾಕು. ಮೊದಲ ಪುಟದಲ್ಲಿ ಹೆಸರು, ಹುಟ್ಟಿದ ವರ್ಷ, ರಕ್ತದ ಗುಂಪು, ಯಾವ ಕಾಯಿಲೆ ಯಾವ ವರ್ಷದಿಂದ ಇದೆ, ಆದ ಶಸ್ತ್ರಚಿಕಿತ್ಸೆಗಳು, ಸ್ಟೆಂಟ್ ಹಾಕಿದ್ದರೆ ಅದರ ವಿವರ, ಅಲರ್ಜಿಯಾಗುವ ಔಷಧಿ, ಮನೆಯ ಇಬ್ಬರ ಫೋನ್ ನಂಬರ್. ಮಧ್ಯರಾತ್ರಿ ಆಸ್ಪತ್ರೆಗೆ ಓಡಬೇಕಾಗಿ ಬಂದಾಗ ತುರ್ತು ವಿಭಾಗದ ವೈದ್ಯರು ಮೊದಲು ಕೇಳುವುದು ಇವನ್ನೇ. ಆ ಹೊತ್ತಿನಲ್ಲಿ ಯಾರಿಗೂ ಸರಿಯಾಗಿ ನೆನಪಾಗುವುದಿಲ್ಲ.

ಎರಡನೇ ಪುಟ ಔಷಧಿಗಳಿಗೆ. ಮಾತ್ರೆಯ ಕಂಪೆನಿ ಹೆಸರಿನ ಜೊತೆಗೆ ಹಾಳೆಯ ಮೇಲೆ ಸಣ್ಣ ಅಕ್ಷರದಲ್ಲಿರುವ ಔಷಧದ ಮೂಲ ಹೆಸರನ್ನೂ ಬರೆಯಿರಿ. ಇದು ಅನಗತ್ಯ ಶ್ರಮವಲ್ಲ. ಹೃದಯದ ವೈದ್ಯರು ಒಂದು ಹೆಸರಿನಲ್ಲಿ ಬರೆದುಕೊಟ್ಟ ಮಾತ್ರೆಯನ್ನೇ ಶುಗರ್ ವೈದ್ಯರು ಇನ್ನೊಂದು ಹೆಸರಿನಲ್ಲಿ ಬರೆದುಕೊಟ್ಟಿರಬಹುದು. ಮೂಲ ಹೆಸರು ನೋಡದಿದ್ದರೆ ಹಿರಿಯರು ಒಂದೇ ಔಷಧಿಯನ್ನು ದಿನಕ್ಕೆ ಎರಡು ಪಟ್ಟು ನುಂಗುತ್ತಿರುತ್ತಾರೆ. ಮೆಡಿಕಲ್ ಅಂಗಡಿಯಿಂದ ತಾವಾಗಿ ತಂದ ನೋವಿನ ಮಾತ್ರೆ, ನಾಟಿ ಔಷಧಿ, ಚೂರ್ಣ, ಕಷಾಯ ಎಲ್ಲವನ್ನೂ ಅದೇ ಪಟ್ಟಿಗೆ ಸೇರಿಸಿ. ಮಂಡಿನೋವಿಗೆಂದು ದಿನವೂ ತಿನ್ನುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ಮಾತ್ರೆಗಳು ಬಿಪಿಯನ್ನು ಏರಿಸುತ್ತವೆ, ಮೂತ್ರಪಿಂಡಕ್ಕೆ ಹಾನಿ ಮಾಡುತ್ತವೆ. ಹಿರಿಯರು ಇದನ್ನು ವೈದ್ಯರಿಗೆ ಹೇಳುವುದೇ ಇಲ್ಲ, ಯಾಕೆಂದರೆ ಅವರ ಪ್ರಕಾರ ಅದು "ಔಷಧಿಯಲ್ಲ, ನೋವಿನ ಮಾತ್ರೆ".

ಯಾವುದಾದರೂ ಮಾತ್ರೆ ನಿಂತರೆ ಅದನ್ನು ಅಳಿಸಬೇಡಿ. ಒಂದು ಗೆರೆ ಎಳೆದು, ನಿಂತ ತಾರೀಕು ಮತ್ತು ಕಾರಣ ಬರೆಯಿರಿ. "ಕಾಲು ಊದಿತು, ನಿಲ್ಲಿಸಲಾಯಿತು" ಎಂಬ ಒಂದು ಸಾಲು ಮೂರು ವರ್ಷಗಳ ನಂತರ ಇನ್ನೊಬ್ಬ ವೈದ್ಯರು ಅದೇ ಮಾತ್ರೆಯನ್ನು ಮತ್ತೆ ಕೊಡುವುದನ್ನು ತಪ್ಪಿಸುತ್ತದೆ.

ಉಳಿದ ಪುಟಗಳಲ್ಲಿ ಬಿಪಿ, ಶುಗರ್, ತೂಕ, ಲ್ಯಾಬ್ ಪರೀಕ್ಷೆಗಳಿಗೆ ಬೇರೆ ಬೇರೆ ಕಾಲಂ. ಕೊನೆಯ ಕೆಲವು ಪುಟಗಳನ್ನು ಘಟನೆಗಳಿಗೆ ಬಿಡಿ: ಬಿದ್ದದ್ದು, ತಲೆಸುತ್ತು, ಆಸ್ಪತ್ರೆಗೆ ಸೇರಿದ್ದು, ಲಸಿಕೆ ಹಾಕಿಸಿದ್ದು.

ಬಿಪಿ ನೋಡುವ ಸರಿಯಾದ ಕ್ರಮ

ತೋಳಿಗೆ ಸುತ್ತುವ ಡಿಜಿಟಲ್ ಯಂತ್ರ ಮನೆಗೆ ಸಾಕು. ಮಣಿಕಟ್ಟಿಗೆ ಕಟ್ಟುವ ಯಂತ್ರಗಳನ್ನು ಅಷ್ಟಾಗಿ ನಂಬುವಂತಿಲ್ಲ. ತೋಳು ದಪ್ಪವಿದ್ದರೆ ದೊಡ್ಡ ಪಟ್ಟಿ ಕೇಳಿ ಪಡೆಯಿರಿ. ಸಣ್ಣ ಪಟ್ಟಿಯನ್ನು ಬಿಗಿದು ಕಟ್ಟಿದರೆ ಇಲ್ಲದ ಬಿಪಿ ಕಾಣಿಸುತ್ತದೆ.

ನೋಡುವ ಮುಂಚಿನ ಅರ್ಧ ಗಂಟೆ ಚಹಾ, ಕಾಫಿ, ಬೀಡಿ, ಸಿಗರೇಟು ಬೇಡ. ಮೂತ್ರಕ್ಕೆ ಹೋಗಿ ಬರಲಿ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ, ಎರಡೂ ಪಾದಗಳು ನೆಲಕ್ಕೆ ತಾಗುವಂತೆ, ಕಾಲಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕುಳಿತಿರಲಿ. ಕೈ ಮೇಜಿನ ಮೇಲೆ, ಎದೆಯ ಮಟ್ಟದಲ್ಲಿರಲಿ. ಪಟ್ಟಿಯನ್ನು ಬಟ್ಟೆಯ ಮೇಲೆ ಸುತ್ತಬಾರದು, ಬರಿ ತೋಳಿಗೆ ಸುತ್ತಬೇಕು. ಕ್ಯಾಂಪುಗಳಲ್ಲಿ, ಜನ ತುಂಬಿದ ಕ್ಲಿನಿಕ್ಕಿನಲ್ಲಿ ನಮ್ಮ ಹಿರಿಯ ಮಹಿಳೆಯರು ತೋಳು ತೆರೆಯಲು ಸಂಕೋಚಪಡುವುದರಿಂದ ದಪ್ಪ ತೋಳಿನ ಮೇಲೆಯೇ ಪಟ್ಟಿ ಕಟ್ಟಿ ಬಿಡುತ್ತಾರೆ. ಮನೆಯಲ್ಲಿ ಮಗಳೋ ಸೊಸೆಯೋ ನೋಡಿದರೆ ಈ ತೊಂದರೆ ಇಲ್ಲ. ಯಂತ್ರ ಓಡುತ್ತಿರುವಾಗ ಮಾತು ಬೇಡ, ಮೊಬೈಲ್ ಬೇಡ.

ಬೆಳಿಗ್ಗೆ ಫಜ್ರ್ ನಮಾಝ್ ಮುಗಿಸಿ, ಚಹಾ ಮತ್ತು ಮಾತ್ರೆಗೆ ಮೊದಲು ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು ನೋಡಿ. ರಾತ್ರಿ ಊಟಕ್ಕೆ ಮೊದಲು ಇನ್ನೆರಡು ಸಲ. ವೈದ್ಯರ ಭೇಟಿಗೆ ಮುಂಚಿನ ಏಳು ದಿನ ಹೀಗೆ ಮಾಡಿ, ಮೊದಲ ದಿನದ್ದನ್ನು ಬಿಟ್ಟು ಉಳಿದ ಆರು ದಿನಗಳ ಸರಾಸರಿ ತೆಗೆಯಿರಿ. ಆಸ್ಪತ್ರೆಯಲ್ಲಿ 140/90 ಹೇಗೋ, ಮನೆಯಲ್ಲಿ 135/85 ಹಾಗೆ. ಸರಾಸರಿ ಅದಕ್ಕಿಂತ ಮೇಲಿದ್ದರೆ ವೈದ್ಯರಲ್ಲಿ ಚರ್ಚಿಸಬೇಕು. ಒಂದು ದಿನ ಒಂದು ಸಲ 160 ಬಂತೆಂದು ತಾವಾಗಿಯೇ ಇನ್ನೊಂದು ಮಾತ್ರೆ ಕೊಡುವುದು ತಪ್ಪು. 120 ಬಂತೆಂದು ಮಾತ್ರೆ ನಿಲ್ಲಿಸುವುದು ಅದಕ್ಕಿಂತ ದೊಡ್ಡ ತಪ್ಪು. 120 ಬಂದದ್ದೇ ಮಾತ್ರೆಯಿಂದ.

ಎದ್ದು ನಿಂತಾಗಿನ ಬಿಪಿ

ಇದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಹಿರಿಯರಲ್ಲಿ, ಅದರಲ್ಲೂ ಶುಗರ್ ಬಹಳ ಕಾಲದಿಂದ ಇರುವವರಲ್ಲಿ, ಕುಳಿತಾಗ ಸರಿಯಿದ್ದ ಬಿಪಿ ಎದ್ದು ನಿಂತ ಕೂಡಲೇ ಇಳಿಯಬಹುದು. ಕಣ್ಣು ಕತ್ತಲೆ ಬರುತ್ತದೆ, ಬೀಳುತ್ತಾರೆ. ಫಜ್ರ್‌ಗೆ ಹಾಸಿಗೆಯಿಂದ ಗಡಿಬಿಡಿಯಲ್ಲಿ ಎದ್ದಾಗ, ರಾತ್ರಿ ಮೂತ್ರಕ್ಕೆ ಹೋಗುವಾಗ, ಸುಜೂದ್‌ನಿಂದ ನೇರವಾಗಿ ಎದ್ದು ನಿಲ್ಲುವಾಗ ಇದು ಆಗುವುದು ಹೆಚ್ಚು. ಸೊಂಟದ ಮೂಳೆ ಮುರಿದರೆ ಹಿರಿಯರ ಬದುಕೇ ಹಾಸಿಗೆಗೆ ಸೀಮಿತವಾಗಿಬಿಡಬಹುದು.

ತಿಂಗಳಿಗೊಮ್ಮೆ ಕುಳಿತಾಗಿನ ಬಿಪಿ ನೋಡಿ, ಎದ್ದು ನಿಂತ ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಮತ್ತೆ ನೋಡಿ. ಪಕ್ಕದಲ್ಲಿ ಒಬ್ಬರು ಹಿಡಿದುಕೊಳ್ಳಲು ಸಿದ್ಧರಿರಲಿ. ಮೇಲಿನ ಅಂಕೆ 20ರಷ್ಟೋ ಕೆಳಗಿನದು 10ರಷ್ಟೋ ಇಳಿದರೆ ಬರೆದಿಟ್ಟು ವೈದ್ಯರಿಗೆ ತೋರಿಸಿ. ಮಾತ್ರೆಯ ಪ್ರಮಾಣ ಅಥವಾ ಸಮಯ ಬದಲಿಸಬೇಕಾಗಬಹುದು. ಅಲ್ಲಿಯವರೆಗೆ ಹಾಸಿಗೆಯ ಅಂಚಿನಲ್ಲಿ ಎರಡು ನಿಮಿಷ ಕುಳಿತು ಏಳಲಿ. ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡುವ ರಿಯಾಯಿತಿ ಇಂತಹವರಿಗಾಗಿಯೇ ಇದೆ.

ಶುಗರ್: ಎರಡು ಬಗೆಯ ಅಂಕೆ

ಬೆರಳು ಚುಚ್ಚಿ ನೋಡುವ ಶುಗರ್ ಆ ಕ್ಷಣದ್ದು. ಎಚ್‌ಬಿಎ1ಸಿ ಕಳೆದ ಎರಡು ಮೂರು ತಿಂಗಳುಗಳ ಒಟ್ಟು ಲೆಕ್ಕ. ಪರೀಕ್ಷೆಯ ಹಿಂದಿನ ಎರಡು ದಿನ ಅನ್ನ ಬಿಟ್ಟು ಗಂಜಿ ಕುಡಿದರೆ ಮೊದಲನೆಯದನ್ನು ಇಳಿಸಬಹುದು, ಎರಡನೆಯದನ್ನು ಮೋಸಗೊಳಿಸಲು ಆಗುವುದಿಲ್ಲ. ಶುಗರ್ ಹಿಡಿತದಲ್ಲಿದ್ದರೆ ಆರು ತಿಂಗಳಿಗೊಮ್ಮೆ, ಇಲ್ಲದಿದ್ದರೆ ಮೂರು ತಿಂಗಳಿಗೊಮ್ಮೆ ಇದನ್ನು ಮಾಡಿಸಿ. ರಕ್ತಹೀನತೆ ಇದ್ದರೆ ಈ ಅಂಕೆ ದಾರಿ ತಪ್ಪಿಸಬಹುದು, ಆದ್ದರಿಂದ ಹಿಮೋಗ್ಲೋಬಿನ್ ಅನ್ನೂ ಪಕ್ಕದಲ್ಲೇ ಬರೆಯಿರಿ.

ಎಲ್ಲ ಹಿರಿಯರಿಗೂ ಒಂದೇ ಗುರಿ ಅಲ್ಲ. ಆರೋಗ್ಯವಾಗಿ ಓಡಾಡುವ 65ರವರಿಗೆ ವೈದ್ಯರು ಎಚ್‌ಬಿಎ1ಸಿ 7ರಿಂದ 7.5ರ ಆಸುಪಾಸು ಇರಲಿ ಎನ್ನಬಹುದು. ಹೃದಯ, ಕಿಡ್ನಿ ತೊಂದರೆಯೂ ಇದ್ದು ಬಲಹೀನರಾದ 80ರವರಿಗೆ 8ರವರೆಗೂ ಬಿಡಬಹುದು. ಯಾಕೆಂದರೆ ಆ ವಯಸ್ಸಿನಲ್ಲಿ ಶುಗರ್ ಸ್ವಲ್ಪ ಹೆಚ್ಚಿರುವುದಕ್ಕಿಂತ ತೀರಾ ಇಳಿಯುವುದು ಹೆಚ್ಚು ಅಪಾಯ. ನಿಮ್ಮ ಹಿರಿಯರ ಗುರಿ ಎಷ್ಟು ಎಂದು ವೈದ್ಯರಲ್ಲಿ ಕೇಳಿ, ಪುಸ್ತಕದ ಮೇಲ್ಭಾಗದಲ್ಲಿ ಬರೆದಿಡಿ.

ಶುಗರ್ 70ಕ್ಕಿಂತ ಕೆಳಗಿಳಿದರೆ ಕೈ ನಡುಗುತ್ತದೆ, ಬೆವರುತ್ತದೆ, ಹಸಿವಾಗುತ್ತದೆ. ಹಿರಿಯರಲ್ಲಿ ಅನೇಕ ಸಲ ಇದ್ಯಾವುದೂ ಕಾಣದೆ ಬರೀ ಗೊಂದಲ, ಸಿಟ್ಟು, ತೊದಲು ಮಾತು ಕಾಣಬಹುದು. ಕೆಲವು ಹೃದಯದ ಮಾತ್ರೆಗಳು ನಡುಕವನ್ನೂ ಎದೆಬಡಿತವನ್ನೂ ಮುಚ್ಚಿಡುತ್ತವೆ. ಅನುಮಾನ ಬಂದರೆ ಕೂಡಲೇ ಶುಗರ್ ನೋಡಿ. ಯಂತ್ರ ಇಲ್ಲದಿದ್ದರೆ ಕಾಯಬೇಡಿ. ಎಚ್ಚರ ಇದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ, ಹದಿನೈದು ನಿಮಿಷದ ಬಳಿಕ ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ನಂತರ ಅಂದು ಏನು ತಿಂದಿದ್ದರು, ಯಾವ ಮಾತ್ರೆ ಎಷ್ಟು ಗಂಟೆಗೆ ತೆಗೆದುಕೊಂಡಿದ್ದರು ಎಂದು ಬರೆದಿಡಿ.

"ಶುಗರ್ ತಾನಾಗಿ ಇಳಿಯಿತು" ಎಂದು ಸಂತೋಷಪಡುವ ಮೊದಲು

ಹದಿನೈದು ಇಪ್ಪತ್ತು ವರ್ಷಗಳಿಂದ ಶುಗರ್ ಇದ್ದವರಿಗೆ ಇದ್ದಕ್ಕಿದ್ದಂತೆ ಅಂಕೆ ಇಳಿಯತೊಡಗುತ್ತದೆ. ಅದೇ ಊಟ, ಅದೇ ಮಾತ್ರೆ, ಆದರೂ 180 ಇದ್ದದ್ದು 90ಕ್ಕೆ ಬರುತ್ತದೆ. ಯಾವುದೋ ಕಷಾಯದ ಫಲ ಎಂದೋ, ಕಾಯಿಲೆ ಗುಣವಾಯಿತು ಎಂದೋ ಮನೆಯವರು ಸಂತೋಷಪಡುತ್ತಾರೆ. ಆದರೆ ಅನೇಕ ಸಲ ಇದು ಮೂತ್ರಪಿಂಡ ಸೋಲುತ್ತಿರುವ ಸೂಚನೆ. ಇನ್ಸುಲಿನ್ ಮತ್ತು ಕೆಲವು ಶುಗರ್ ಮಾತ್ರೆಗಳನ್ನು ದೇಹದಿಂದ ಹೊರಹಾಕುವ ಕೆಲಸದಲ್ಲಿ ಮೂತ್ರಪಿಂಡದ ಪಾಲು ದೊಡ್ಡದು. ಅದು ದುರ್ಬಲವಾದಾಗ ಅದೇ ಪ್ರಮಾಣದ ಔಷಧಿ ಹೆಚ್ಚು ಹೊತ್ತು ರಕ್ತದಲ್ಲೇ ಉಳಿದು ಕೆಲಸ ಮಾಡುತ್ತಿರುತ್ತದೆ. ಒಂದು ದಿನ ರಾತ್ರಿ ಶುಗರ್ 40ಕ್ಕೆ ಇಳಿದು ಎಚ್ಚರ ತಪ್ಪಿದಾಗಲೇ ವಿಷಯ ಗೊತ್ತಾಗುವುದು.

ಕಾರಣವಿಲ್ಲದೆ ಶುಗರ್ ಇಳಿಯುತ್ತಿದೆ ಎಂಬುದನ್ನು ಒಂದು ರಿಪೋರ್ಟು ಹೇಳಲಾರದು. ಪುಸ್ತಕದ ನಾಲ್ಕು ಪುಟ ತಿರುಗಿಸಿದರೆ ಕಾಣುತ್ತದೆ. ಹಾಗೆ ಕಂಡರೆ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ ವೈದ್ಯರ ಬಳಿಗೆ ಹೋಗಿ.

ವರ್ಷಕ್ಕೊಮ್ಮೆ ತಪ್ಪಿಸಬಾರದ ನಾಲ್ಕು

ಶುಗರ್ ಅಥವಾ ಬಿಪಿ ಇರುವವರಿಗೆ ವರ್ಷಕ್ಕೆ ಒಂದು ಸಲವಾದರೂ ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಅಲ್ಬುಮಿನ್ ಪರೀಕ್ಷೆ ಆಗಬೇಕು. ಕ್ರಿಯಾಟಿನಿನ್ ಏರುವುದಕ್ಕಿಂತ ಬಹಳ ಮೊದಲೇ ಮೂತ್ರದಲ್ಲಿ ಅಲ್ಬುಮಿನ್ ಸೋರತೊಡಗಬಹುದು. ಆಗಲೇ ಗೊತ್ತಾದರೆ ಕಾಯಿಲೆಯ ವೇಗ ತಗ್ಗಿಸುವ ಔಷಧಿಗಳಿವೆ. ಎರಡನೆಯದು, ಕಣ್ಣಿನ ಪಾಪೆ ಹಿಗ್ಗಿಸಿ ಒಳಪದರ ನೋಡುವ ಪರೀಕ್ಷೆ. ಕನ್ನಡಕದ ಅಂಗಡಿಯಲ್ಲಿ ಅಕ್ಷರ ಓದಿಸುವುದು ಇದಕ್ಕೆ ಸಮವಲ್ಲ. ದೃಷ್ಟಿ ಚೆನ್ನಾಗಿರುವಾಗಲೇ ಒಳಪದರದಲ್ಲಿ ರಕ್ತನಾಳ ಹಾಳಾಗಿರಬಹುದು. ಮೂರನೆಯದು, ಕಾಲಿನ ಸ್ಪರ್ಶಜ್ಞಾನದ ಪರೀಕ್ಷೆ. ನಾಲ್ಕನೆಯದು, ರಕ್ತದ ಕೊಬ್ಬು.

ಪಾದವನ್ನಂತೂ ದಿನವೂ ನೋಡಬೇಕು. ಅದಕ್ಕೆ ಬೇರೆ ಸಮಯ ಬೇಕಾಗಿಲ್ಲ. ವುಝೂ ಮಾಡುವಾಗ ಕಾಲಬೆರಳುಗಳ ಸಂದಿಯವರೆಗೂ ಕೈ ಹೋಗುತ್ತದೆ. ಆಗ ಬೊಬ್ಬೆ, ಬಿರುಕು, ಕೆಂಪು, ಗಾಯ ಇದೆಯೇ ಎಂದು ಕಣ್ಣೂ ಹೋಗಲಿ. ಬಾಗಲು ಆಗದವರಿಗೆ ಮೊಮ್ಮಕ್ಕಳು ನೋಡಿ ಹೇಳಲಿ. ವುಝೂ ನಂತರ ಬೆರಳ ಸಂದಿಯನ್ನು ಒಣಬಟ್ಟೆಯಿಂದ ಒರೆಸಿದರೆ ಅಲ್ಲಿ ಶಿಲೀಂಧ್ರ ಬೆಳೆಯುವುದು ಕಡಿಮೆ. ಬಿಸಿನೀರಾದರೆ ಕಾಲಿನಿಂದ ಅಲ್ಲ, ಮೊಣಕೈಯಿಂದ ಮುಟ್ಟಿ ನೋಡಬೇಕು. ಸ್ಪರ್ಶ ಕಳೆದುಕೊಂಡ ಪಾದಕ್ಕೆ ಸುಟ್ಟದ್ದೂ ತಿಳಿಯುವುದಿಲ್ಲ.

ತೂಕ ಹೇಳುವ ಮಾತು

ತಿಂಗಳಿಗೊಮ್ಮೆ ಒಂದೇ ತಕ್ಕಡಿಯಲ್ಲಿ, ಬೆಳಿಗ್ಗೆ, ಹೆಚ್ಚು ಕಡಿಮೆ ಒಂದೇ ಬಗೆಯ ಬಟ್ಟೆಯಲ್ಲಿ ತೂಕ ನೋಡಿ. ಪ್ರಯತ್ನಪಡದೆಯೇ ಆರು ತಿಂಗಳಿಂದ ಒಂದು ವರ್ಷದೊಳಗೆ ಶೇ. 5ರಷ್ಟು ತೂಕ ಇಳಿದರೆ ಅದಕ್ಕೆ ಕಾರಣ ಹುಡುಕಬೇಕು. 60 ಕಿಲೋ ಇದ್ದವರಿಗೆ ಅದು 3 ಕಿಲೋ. ಹಲ್ಲಿನ ತೊಂದರೆ, ಖಿನ್ನತೆ, ಥೈರಾಯ್ಡ್, ಕ್ಷಯ, ಕ್ಯಾನ್ಸರ್ ಯಾವುದೂ ಇರಬಹುದು. "ವಯಸ್ಸಾಯಿತಲ್ಲ, ಇಳಿದಿದ್ದಾರೆ" ಎಂದು ಬಿಡಬಾರದು.

ಹೃದಯದ ಬಲ ಕುಗ್ಗಿದೆ ಎಂದು ವೈದ್ಯರು ಹೇಳಿರುವವರಿಗೆ ದಿನವೂ ತೂಕ ಬೇಕು. ಮೂರು ದಿನಗಳಲ್ಲಿ 2 ಕಿಲೋ ಏರಿದರೆ ಅದು ಕೊಬ್ಬಲ್ಲ, ದೇಹದಲ್ಲಿ ನೀರು ನಿಲ್ಲುತ್ತಿದೆ. ಕಾಲು ಊದುವ, ಮಲಗಿದರೆ ಉಸಿರು ಕಟ್ಟುವ ಹಂತಕ್ಕೆ ಕಾಯದೆ ಅಂದೇ ವೈದ್ಯರಿಗೆ ತಿಳಿಸಿ. ಹಿಂದಿನ ವಾರ ಒಣಮೀನು, ಉಪ್ಪಿನಕಾಯಿ, ಹಪ್ಪಳ ಎಷ್ಟು ನಡೆಯಿತು ಎಂಬುದನ್ನೂ ನೆನಪಿಸಿಕೊಳ್ಳಿ.

ಅಂಕೆಯಲ್ಲಿ ಸಿಗದ ಬದಲಾವಣೆ

ಕೆಲವನ್ನು ಯಂತ್ರ ಅಳೆಯುವುದಿಲ್ಲ. ಹೋದ ವರ್ಷ ಜುಮಾಕ್ಕೆ ಮಸೀದಿಗೆ ನಡೆದೇ ಹೋಗುತ್ತಿದ್ದ ಅಬ್ಬ ಈ ವರ್ಷ ಆಟೋ ಕೇಳುತ್ತಿದ್ದಾರೆಯೇ? ಮೆಟ್ಟಿಲಿನ ಮಧ್ಯದಲ್ಲಿ ನಿಲ್ಲುತ್ತಾರೆಯೇ? ಉಮ್ಮ ಪತ್ತಿರಿ ಮಾಡುವ ಕ್ರಮವನ್ನು ಮರೆಯುತ್ತಿದ್ದಾರೆಯೇ? ನಮಾಝ್‌ನ ರಕಅತ್‌ಗಳ ಎಣಿಕೆ ಪದೇ ಪದೇ ತಪ್ಪುತ್ತಿದೆಯೇ? ಟಿ.ವಿ. ಶಬ್ದ ಜೋರು ಮಾಡುತ್ತಿದ್ದಾರೆಯೇ? ನೆಂಟರ ಮನೆಗೆ ಹೋಗಲು ಮನಸ್ಸೇ ಇಲ್ಲವೇ? ಮೂರು ತಿಂಗಳಿಗೊಮ್ಮೆ ಎರಡು ಸಾಲು ಬರೆದಿಡಿ. ದಿನವೂ ಜೊತೆಗಿರುವವರಿಗೆ ನಿಧಾನದ ಬದಲಾವಣೆ ಕಾಣುವುದಿಲ್ಲ. ರಜೆಗೆಂದು ವರ್ಷಕ್ಕೊಮ್ಮೆ ಬಂದ ಮಗನ ಕಣ್ಣಿಗೆ ಅದು ಹೊಡೆದು ಕಾಣುತ್ತದೆ. ಬರೆದಿಟ್ಟರೆ ನಿಮಗೂ ಕಾಣುತ್ತದೆ. ಮರೆವು ವಾರದೊಳಗೆ ಒಮ್ಮೆಲೇ ಹೆಚ್ಚಿದರೆ ಅದು ಮೂತ್ರದ ಸೋಂಕು, ಸೋಡಿಯಂ ಇಳಿಕೆ, ಹೊಸ ಮಾತ್ರೆಯ ಪರಿಣಾಮ ಮುಂತಾದ ಗುಣಪಡಿಸಬಹುದಾದ ಕಾರಣದಿಂದಲೂ ಇರಬಹುದು.

ರಮಝಾನ್‌ಗೆ ಮೊದಲು

ಶುಗರ್ ಇರುವ ಹಿರಿಯರು ಉಪವಾಸ ಹಿಡಿಯಬಹುದೇ ಎಂಬುದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ಆರರಿಂದ ಎಂಟು ವಾರ ಮೊದಲೇ ಪುಸ್ತಕ ಹಿಡಿದು ವೈದ್ಯರ ಬಳಿ ಹೋಗಿ. ಕಳೆದ ಮೂರು ತಿಂಗಳಲ್ಲಿ ಶುಗರ್ ತೀರಾ ಇಳಿದದ್ದುಂಟೇ, ಕಿಡ್ನಿ ಹೇಗಿದೆ, ಇನ್ಸುಲಿನ್ ಎಷ್ಟು ಸಲ, ಕಳೆದ ರಮಝಾನ್‌ನಲ್ಲಿ ಏನಾಯಿತು ಎಂಬುದರ ಮೇಲೆ ಅವರು ನಿರ್ಧರಿಸುತ್ತಾರೆ. ಈ ಪ್ರಶ್ನೆಗಳಿಗೆಲ್ಲ ಉತ್ತರ ನಿಮ್ಮ ಪುಸ್ತಕದಲ್ಲಿರುತ್ತದೆ. ಮಾತ್ರೆ ಮತ್ತು ಇನ್ಸುಲಿನ್‌ನ ಸಮಯ, ಪ್ರಮಾಣ ಎರಡೂ ಬದಲಾಗಬೇಕಾಗುತ್ತದೆ. ಬೆಳಗಿನದ್ದನ್ನು ಸಹರಿಗೆ, ರಾತ್ರಿಯದ್ದನ್ನು ಇಫ್ತಾರ್‌ಗೆ ಎಂದು ತಾವಾಗಿ ಹೊಂದಿಸಿಕೊಳ್ಳಬಾರದು.

ಉಪವಾಸವಿರುವಾಗ ಸಹರಿಗೆ ಮೊದಲು, ಮಧ್ಯಾಹ್ನ, ಇಫ್ತಾರ್‌ಗೆ ಮೊದಲು, ಇಫ್ತಾರ್ ಆಗಿ ಎರಡು ಗಂಟೆಗೆ ಮತ್ತು ಅಸ್ವಸ್ಥತೆ ಅನಿಸಿದಾಗಲೆಲ್ಲ ಶುಗರ್ ನೋಡಿ ಬರೆಯಿರಿ. ಬೆರಳು ಚುಚ್ಚುವುದರಿಂದ ಉಪವಾಸ ಮುರಿಯುವುದಿಲ್ಲ ಎಂಬುದೇ ವಿದ್ವಾಂಸರ ಬಹುಮತದ ಅಭಿಪ್ರಾಯ. ಶುಗರ್ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ, ಮಗ್ರಿಬ್‌ಗೆ ಹತ್ತೇ ನಿಮಿಷ ಉಳಿದಿದ್ದರೂ ಉಪವಾಸ ಬಿಡಬೇಕು. ರೋಗಿಗಳಿಗೆ ರಿಯಾಯಿತಿಯನ್ನು ಪವಿತ್ರ ಕುರ್‌ಆನ್ ಸ್ಪಷ್ಟವಾಗಿ ಕೊಟ್ಟಿದೆ. "ಐವತ್ತು ವರ್ಷದಿಂದ ಒಂದೂ ಬಿಟ್ಟಿಲ್ಲ" ಎಂದು ಕಣ್ಣೀರು ಹಾಕುವ ಹಿರಿಯರಿಗೆ ಇದನ್ನು ಪ್ರೀತಿಯಿಂದ ತಿಳಿಹೇಳಿ. ಬೇಕಾದರೆ ಅವರು ಗೌರವಿಸುವ ಉಸ್ತಾದರಿಂದ ಹೇಳಿಸಿ.

ಬರೆಯುವವರು ಯಾರು?

ಓದು ಬರಹ ಬಲ್ಲ ಹಿರಿಯರಾದರೆ ಅವರೇ ಬರೆಯಲಿ. ತಮ್ಮ ಕಾಯಿಲೆಯ ಲೆಕ್ಕ ತಮ್ಮ ಕೈಯಲ್ಲಿದ್ದರೆ ಅವರಿಗೆ ಧೈರ್ಯವೂ ಇರುತ್ತದೆ. ಆಗದಿದ್ದರೆ ಮನೆಯಲ್ಲಿ ಒಬ್ಬರಿಗೆ ಹೊಣೆ ವಹಿಸಿ. "ಎಲ್ಲರೂ ನೋಡಿಕೊಳ್ಳುತ್ತೇವೆ" ಎಂದರೆ ಯಾರೂ ನೋಡುವುದಿಲ್ಲ. ಆ ಹೊಣೆಯೂ ಹಿರಿಯ ಸೊಸೆಯ ತಲೆಯ ಮೇಲೆಯೇ ಬೀಳಬೇಕೆಂದಿಲ್ಲ. ಹೈಸ್ಕೂಲಿಗೆ ಹೋಗುವ ಮೊಮ್ಮಗ ಬಿಪಿ ಯಂತ್ರ ಹಿಡಿಯಲು ಒಂದೇ ದಿನದಲ್ಲಿ ಕಲಿಯುತ್ತಾನೆ. ಗಲ್ಫ್‌ನಲ್ಲಿರುವ ಮಕ್ಕಳೂ ಪಾಲು ವಹಿಸಬಹುದು. ತಿಂಗಳ ಕೊನೆಯ ಪುಟದ ಫೋಟೋ ತೆಗೆದು ಅವರಿಗೆ ಕಳುಹಿಸಿ. "ಉಮ್ಮ ಹೇಗಿದ್ದಾರೆ" ಎಂಬ ಪ್ರಶ್ನೆಗೆ "ಪರವಾಗಿಲ್ಲ" ಎಂಬ ಉತ್ತರದ ಬದಲು ಅವರಿಗೆ ನಿಜವಾದ ಚಿತ್ರ ಸಿಗುತ್ತದೆ. ಹಳೆಯ ರಿಪೋರ್ಟುಗಳ ಪ್ರತಿಯೂ ಎರಡು ಕಡೆ ಉಳಿಯುತ್ತದೆ.

ಒಂದು ಎಚ್ಚರಿಕೆ: ಈ ಪುಸ್ತಕ ಗದರಿಸುವ ಆಯುಧ ಆಗಬಾರದು. "ನೋಡಿ, ನಿನ್ನೆ ಸಮೋಸ ತಿಂದದ್ದಕ್ಕೆ ಇವತ್ತು 240" ಎಂದು ಎಲ್ಲರೆದುರು ಹೀಯಾಳಿಸಿದರೆ ಹಿರಿಯರು ಮರುದಿನದಿಂದ ಬೆರಳು ಚುಚ್ಚಿಸಿಕೊಳ್ಳಲು ಒಪ್ಪುವುದಿಲ್ಲ, ಅಥವಾ ಸುಳ್ಳು ಅಂಕೆ ಬರೆಸುತ್ತಾರೆ. ಅವರ ಅನುಮತಿಯಿಲ್ಲದೆ ಕುಟುಂಬದ ವಾಟ್ಸಪ್ ಗುಂಪಿನಲ್ಲಿ ರಿಪೋರ್ಟು ಹಾಕಬೇಡಿ. ಕಾಯಿಲೆ ಅವರದ್ದು, ಮರ್ಯಾದೆಯೂ ಅವರದ್ದು.

ಖರ್ಚಿನ ಚಿಂತೆ ಇದ್ದರೆ ತಾಲೂಕು ಮತ್ತು ಜಿಲ್ಲಾ ಸರಕಾರಿ ಆಸ್ಪತ್ರೆಗಳಲ್ಲಿ ಬಿಪಿ, ಶುಗರ್‌ಗಾಗಿಯೇ ಇರುವ ಎನ್‌ಸಿಡಿ ಕ್ಲಿನಿಕ್‌ಗಳನ್ನು ವಿಚಾರಿಸಿ. ಆಶಾ ಕಾರ್ಯಕರ್ತೆಯರಿಗೆ ಇದರ ಮಾಹಿತಿ ಇರುತ್ತದೆ. ಸರಕಾರದ 14 ಅಂಕಿಗಳ ಆಭಾ ಸಂಖ್ಯೆ ಮಾಡಿಸಿಕೊಂಡರೆ ಅದಕ್ಕೆ ಜೋಡಣೆಯಾದ ಆಸ್ಪತ್ರೆಗಳ ದಾಖಲೆಗಳನ್ನು ಮೊಬೈಲಿನಲ್ಲೂ ಉಳಿಸಿಕೊಳ್ಳಬಹುದು. ಆದರೂ ಕೈಬರಹದ ಪುಸ್ತಕ ಬಿಡಬೇಡಿ. ಅದಕ್ಕೆ ಚಾರ್ಜೂ ಬೇಡ, ನೆಟ್‌ವರ್ಕೂ ಬೇಡ.

ಪುಸ್ತಕ ಬದಿಗಿಟ್ಟು ಓಡಬೇಕಾದ ಸಂದರ್ಭ

ಎದೆ ಹಿಂಡಿದಂತಹ ನೋವು, ಒಮ್ಮೆಲೇ ಬಾಯಿ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು, ಉಸಿರು ಕಟ್ಟುವುದು, ಪ್ರಜ್ಞೆ ತಪ್ಪುವುದು. ಇವುಗಳಲ್ಲಿ ಯಾವುದಾದರೂ ಕಂಡರೆ ಬಿಪಿ ನೋಡುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ. ಪಾರ್ಶ್ವವಾಯುವಿನಲ್ಲಿ ರಕ್ತ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಲಕ್ಷಣ ಶುರುವಾದ ಹೊತ್ತನ್ನು ಮಾತ್ರ ನೆನಪಿಟ್ಟುಕೊಳ್ಳಿ, ಪುಸ್ತಕವನ್ನು ಕೈಗೆತ್ತಿಕೊಳ್ಳಿ.

ಉಳಿದ ಭೇಟಿಗಳಿಗೆ ಹೋಗುವ ಹಿಂದಿನ ರಾತ್ರಿ ಪುಸ್ತಕ ತೆರೆದು ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆಯಿರಿ: ಬಿಪಿಯ ಸರಾಸರಿ, ಶುಗರ್ ಎಲ್ಲಿಂದ ಎಲ್ಲಿಗೆ ಬಂದಿದೆ, ಹೊಸದಾಗಿ ಏನು ತೊಂದರೆ, ನೀವು ಕೇಳಬೇಕಾದ ಒಂದು ಪ್ರಶ್ನೆ. ವೈದ್ಯರ ಬಳಿ ನಿಮಗೆ ಸಿಗುವುದು ಐದು ನಿಮಿಷ. ಅದರಲ್ಲಿ ನಾಲ್ಕು ನಿಮಿಷ ಹಳೆಯದನ್ನು ನೆನಪಿಸಿಕೊಳ್ಳುವುದಕ್ಕೇ ಹೋದರೆ ಚಿಕಿತ್ಸೆಗೆ ಉಳಿಯುವುದು ಒಂದೇ ನಿಮಿಷ.

ನಾಳೆ ಮಗುವಿಗೆ ಪೆನ್ಸಿಲ್ ತರಲು ಅಂಗಡಿಗೆ ಹೋದಾಗ ಒಂದು ನೋಟ್‌ಬುಕ್ ಹೆಚ್ಚಿಗೆ ತನ್ನಿ. ಮೊದಲ ಪುಟದಲ್ಲಿ ನಿಮ್ಮ ಹಿರಿಯರ ಹೆಸರು ಬರೆಯಿರಿ. ಪ್ಲಾಸ್ಟಿಕ್ ಚೀಲದಲ್ಲಿರುವ ಹಳೆಯ ರಿಪೋರ್ಟುಗಳನ್ನು ತಾರೀಕಿನ ಪ್ರಕಾರ ಜೋಡಿಸಿ, ಕ್ರಿಯಾಟಿನಿನ್ ಅಂಕೆಗಳನ್ನು ಒಂದರ ಕೆಳಗೊಂದು ಇಳಿಸಿ ನೋಡಿ. ಅರ್ಧ ಗಂಟೆಯ ಕೆಲಸ. ಅದರಲ್ಲಿ ಕಾಣುವ ಏರಿಳಿತವೇ ಮುಂದಿನ ಭೇಟಿಯಲ್ಲಿ ವೈದ್ಯರಿಗೆ ನೀವು ಕೇಳುವ ಮೊದಲ ಪ್ರಶ್ನೆಯಾಗಲಿ.